ಕಲ್ಲಿನ ಡಾಕ್ಟ್ರಿಗೆ ಹೆಣ್ಣುಮಕ್ಕಳ ಸೋರಿಕೆ ಯಾಕೆ ಬೇಕಿತ್ತು?

ಬಳ್ಳಾರಿಯಲ್ಲಿ ಯೂರಾಲಜಿಸ್ಟ್ ಅಂದರೆ ಜನರ ಲೆಕ್ಕದಲ್ಲಿ ಕಿಡ್ನಿ ಕಲ್ಲಿನ ಡಾಕ್ಟ್ರು. ತಪ್ಪೇನಿಲ್ಲ ಬಿಡಿ. ಈ ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಕಲ್ಲು ಆಗದೆ ಇನ್ನೇನಾಗುತ್ತದೆ? ನನ್ನ ಓಪಿಡಿಯಲ್ಲೂ ಕಲ್ಲಿನವರೇ ಜಾಸ್ತಿ. ಡಾಕ್ಟ್ರಿಗೂ ಅದು ಒಳ್ಳೆಯ ಕೇಸು. ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಲೇಸರ್ ಹಾಕಿ ಪುಡಿ ಮಾಡಬಹುದು, ರೋಗಿ ಒಂದೆರಡು ದಿನಕ್ಕೆ ಮನೆಗೆ ಹೋಗುತ್ತಾರೆ, ಊರಲ್ಲಿ ನಾಲ್ಕು ಜನಕ್ಕೆ ನಮ್ಮ ಹೆಸರು ಹೇಳುತ್ತಾರೆ.

ಉಚ್ಚೆ ಸೋರುವ ಕೇಸಿನಲ್ಲಿ ಇದ್ಯಾವುದೂ ಇಲ್ಲ. ಪೂರ್ತಿ ವಾಸಿಯಾದವಳೂ ಪಕ್ಕದ ಮನೆಯವಳಿಗೆ ಹೇಳುವುದಿಲ್ಲ. ಹೇಳಬೇಕೆಂದರೆ ಮೊದಲು ಸೋರುತ್ತಿತ್ತು ಅಂತ ಬಾಯಿಬಿಡಬೇಕಲ್ಲ!

ಹೌಸ್ ಸರ್ಜನ್ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ಸರ್, ಲೇಸರ್, ರೋಬೋಟ್, ಟ್ರಾನ್ಸ್‌ಪ್ಲಾಂಟ್ ಎಲ್ಲ ಇರುವಾಗ ನೀವು ಇದನ್ನ ಯಾಕೆ ಹಿಡಿದಿರಿ, ಇದರಲ್ಲಿ ಕರಿಯರ್ ಅಂತ ಇದೆಯಾ? ಓಪಿಡಿ ಮುಗಿದ ಮೇಲೆ ನಿಂತುಕೊಂಡು ಹೇಳುವಷ್ಟು ಸಣ್ಣ ಉತ್ತರ ಅಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಹೊಟ್ಟೆಯ ಕೆಳಭಾಗದಲ್ಲಿ ಮೂತ್ರಕೋಶ, ಗರ್ಭಚೀಲ, ಮಲದ ಹಾದಿ ಮೂರೂ ಒಂದಕ್ಕೊಂದು ಅಂಟಿಕೊಂಡಂತೆ ಕೂತಿರುತ್ತವೆ. ಇವುಗಳನ್ನು ಕೆಳಗಿನಿಂದ ಹಿಡಿದಿರುವುದು ಮಗು ಮಲಗಿಸುವ ಸೀರೆ ಜೋಲಿಯಂಥ ಒಂದು ಸ್ನಾಯುಗಳ ಪದರ. ಹೆರಿಗೆ, ಭಾರ ಎತ್ತುವುದು, ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆ, ಮುಟ್ಟು ನಿಲ್ಲುವುದು, ಇಷ್ಟೆಲ್ಲ ಸೇರಿ ಅದು ಸಡಿಲವಾಗುತ್ತದೆ. ಆಗ ಕೆಮ್ಮಿದರೆ ಉಚ್ಚೆ ಹನಿಯುತ್ತದೆ, ಅಥವಾ ಚೀಲ ಕೆಳಕ್ಕೆ ಜಾರುತ್ತದೆ. ಒಬ್ಬಳಿಗೇ ಎರಡೂ ಇರಬಹುದು. ಇದನ್ನೆಲ್ಲ ಸರಿಪಡಿಸುವ ವಿದ್ಯೆಗೆ ಪೆಲ್ವಿಕ್ ಮೆಡಿಸಿನ್ ಅಂಡ್ ರಿಕನ್‌ಸ್ಟ್ರಕ್ಟಿವ್ ಸರ್ಜರಿ ಅಂತ ಉದ್ದದ ಹೆಸರು. ಅಮೆರಿಕದಲ್ಲಿ 2011ರಲ್ಲಿ ಇದರ ಹೆಣ್ಣುಮಕ್ಕಳ ಭಾಗವನ್ನು ಪ್ರತ್ಯೇಕ ಉಪವಿಭಾಗ ಅಂತ ಒಪ್ಪಿಕೊಂಡರು, 2013ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಯೂರಾಲಜಿ ಓದಿದವರೂ ಬರಬಹುದು, ಗೈನಕಾಲಜಿ, ಅಂದರೆ ಹೆಣ್ಣುಮಕ್ಕಳ ಕಾಯಿಲೆಯ ವಿದ್ಯೆ, ಓದಿದವರೂ ಬರಬಹುದು. ಒಂದೇ ಜಾಗವನ್ನು ಎರಡು ಕಡೆಯವರೂ ನೋಡಬೇಕು ಅಂತ ಅಲ್ಲಿ ಕಾಗದದ ಮೇಲೆ ಒಪ್ಪಿಕೊಂಡಿದ್ದು ನನಗೆ ಬಹಳ ಇಷ್ಟವಾದ ವಿಷಯ.

ನಮ್ಮಲ್ಲಿ ಏನಾಗುತ್ತದೆ ಅಂದರೆ, ಹೆಣ್ಣುಮಗಳು ಅಂತ ಯೂರಾಲಜಿಯವರು ಗೈನಕ್‌ಗೆ ಬರೆದು ಕಳಿಸುತ್ತಾರೆ, ಉಚ್ಚೆ ವಿಷಯ ಅಂತ ಗೈನಕ್‌ನವರು ಯೂರಾಲಜಿಗೆ ಬರೆದು ಕಳಿಸುತ್ತಾರೆ, ಆ ಚೀಟಿ ಹಿಡಿದುಕೊಂಡು ಮಸ್ಕಿ ಕಡೆಯಿಂದ ಬಂದ ಹೆಂಗಸು ಎರಡು ಕಟ್ಟಡಗಳ ನಡುವೆ ಓಡಾಡಿ ಕೊನೆಗೆ ಬಸ್ ಹತ್ತಿ ಊರಿಗೆ ಹೋಗಿಬಿಡುತ್ತಾಳೆ. ಮತ್ತೆ ಬರುವುದಿಲ್ಲ. ನಾನು ಈ ಕೆಲಸಕ್ಕೆ ನಿಂತಿದ್ದು ಆ ಚೀಟಿಯ ಕಾರಣಕ್ಕೆ. ನನ್ನಲ್ಲಿಗೆ ಬಂದವರನ್ನು ಇನ್ನೊಂದು ಕಡೆ ಕಳಿಸಬಾರದು, ಬೇಕಾದರೆ ಗೈನಕ್ ಮೇಡಂ ಅವರನ್ನೇ ನನ್ನ ಓಪಿಡಿಗೆ ಕರೆಸಬೇಕು, ಅಷ್ಟೇ ಇದ್ದ ಯೋಜನೆ.

ಓದಿನ ದಾರಿ ಎಲ್ಲರಿಗೂ ಗೊತ್ತಿರುವುದೇ. ಎಂಬಿಬಿಎಸ್ ಐದೂವರೆ ವರ್ಷ, ಜನರಲ್ ಸರ್ಜರಿ ಎಂಎಸ್ 3 ವರ್ಷ, ಆಮೇಲೆ ಯೂರಾಲಜಿ ಎಂಸಿಎಚ್ ಇನ್ನೂ 3 ವರ್ಷ. ಇಷ್ಟು ಓದಿದರೂ ಹೆಣ್ಣುಮಕ್ಕಳ ಕಡೆಯ ಕೆಲಸ ಕೈಗೆ ಸಿಗುವುದು ಕಡಿಮೆ. ನಮ್ಮ ಕಾಲದಲ್ಲಂತೂ ಕಲ್ಲು, ಪ್ರಾಸ್ಟೇಟ್, ಕ್ಯಾನ್ಸರ್ ಇದರಲ್ಲೇ ದಿನ ಮುಗಿಯುತ್ತಿತ್ತು. ಯೋನಿಯ ಮೂಲಕ ಮಾಡುವ ಆಪರೇಷನ್ ನಾನು ಕಲಿತದ್ದು ಒಬ್ಬ ಹಿರಿಯ ಗೈನಕ್ ಮೇಡಂ ಹಿಂದೆ ನಿಂತು, ಅವರು ಹೇಳಿದಾಗ ರಿಟ್ರಾಕ್ಟರ್ ಹಿಡಿದು, ಹೇಳದಿದ್ದಾಗ ಸುಮ್ನೆ ನೋಡಿ. ಸರ್ಜನ್‌ಗೆ ಇನ್ನೊಂದು ವಿಭಾಗದವರ ಹಿಂದೆ ನಿಲ್ಲುವುದಕ್ಕೆ ಸ್ವಲ್ಪ ಅಹಂ ಅಡ್ಡ ಬರುತ್ತದೆ. ಬಂದರೂ ನಿಲ್ಲಬೇಕು.

ಇನ್ನು ರೋಗಿಯ ಮಾತು. ಇದನ್ನು ಯಾವ ಎಂಸಿಎಚ್‌ನಲ್ಲೂ ಹೇಳಿಕೊಡುವುದಿಲ್ಲ.

"ಏನಾಗೈತವ್ವಾ?"

"ಸೊಂಟ ಭಾಳ ನೋಯ್ತೈತ್ರೀ ಸರ."

ಸೊಂಟ ನೋವಿಗೆ ಯೂರಾಲಜಿಸ್ಟ್ ಹತ್ತಿರ ಯಾರೂ ಬರುವುದಿಲ್ಲ. ಪಕ್ಕದಲ್ಲಿ ಗಂಡ ಕೂತಿರುತ್ತಾನೆ, ಇಲ್ಲವೆಂದರೆ ಮಗ. "ಯಜಮಾನ್ರೇ, ಹೊರಗ ಒಂದು ಚಾ ಕುಡ್ದು ಬರ್ರಿ" ಅಂತ ಕಳಿಸಿ, ನಮ್ಮ ಸಿಸ್ಟರ್ ಅವರನ್ನು ಕರೆಯುತ್ತೇನೆ. ಬಳ್ಳಾರಿ ಅಂದಮೇಲೆ ಕನ್ನಡ, ತೆಲುಗು, ಉರ್ದು ಮೂರೂ ಬೇಕು, ಅವರಿಗೆ ಮೂರೂ ಬರುತ್ತವೆ. ಅವರು ಸುತ್ತಿಬಳಸಿ ಕೇಳುವುದಿಲ್ಲ. "ಯಕ್ಕಾ, ಕೆಮ್ಮಿದ್ರ ಸೀನಿದ್ರ ಸೀರಿ ಹಸಿ ಆಗ್ತೈತೇನು?" ಅಷ್ಟು ಕೇಳಿದರೆ ಸಾಕು. ಕೆಲವರು ತಲೆ ಆಡಿಸುತ್ತಾರೆ, ಕೆಲವರು ಅಳುತ್ತಾರೆ. ಒಬ್ಬ ಅಜ್ಜಿ ಮಾತ್ರ ಸಿಟ್ಟಿನಿಂದ, "ಅದು ಎಲ್ಲಾರಿಗೂ ಆಗೂದ ಅಲ್ಲೇನು, ಅದನ್ಯಾಕ ಕೇಳ್ತಿ?" ಅಂದಿದ್ದರು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ನಂಬಿರುವುದೇ ಮೊದಲ ತೊಂದರೆ. ವಯಸ್ಸಾದವರಲ್ಲಿ ಜಾಸ್ತಿ, ನಿಜ. ಹಾಗಂತ ಔಷಧಿ ಇಲ್ಲ ಅಂತಲ್ಲ. ಕಣ್ಣಿನ ಪೊರೆ ವಯಸ್ಸಿಗೇ ಬರುವುದು, ಅದನ್ನು ಕ್ಯಾಂಪಿನಲ್ಲಿ ಸಾಲು ನಿಂತು ತೆಗೆಸಿಕೊಳ್ಳುವುದಿಲ್ಲವೇ?

ಕೇಳಿದ ಮೇಲೆ ಮೊದಲು ನೋಡಬೇಕಾದದ್ದು ಯಾವ ತರಹದ ಸೋರಿಕೆ ಅಂತ. ಕೆಮ್ಮಿದಾಗ, ಕೊಡ ಎತ್ತಿದಾಗ ಹನಿಯುವುದು ಒಂದು. ಉಚ್ಚೆ ಬಂತು ಅನ್ನುವಷ್ಟರಲ್ಲಿ ತಡೆಯಲಾಗದೆ ಬಾಗಿಲವರೆಗೂ ಹೋಗಲಾಗದೆ ಆಗಿಬಿಡುವುದು ಇನ್ನೊಂದು. ಎರಡಕ್ಕೂ ಔಷಧೋಪಚಾರ ಬೇರೆ ಬೇರೆ. ಮೊದಲನೆಯದಕ್ಕೆ ಮಾಡುವ ಆಪರೇಷನ್ ಎರಡನೆಯದಕ್ಕೆ ಮಾಡಿದರೆ ಏನೂ ಉಪಯೋಗ ಇಲ್ಲ, ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. ಅದಕ್ಕೆ ಮಾತ್ರೆ ಇದೆ, ಗಂಟೆ ನೋಡಿಕೊಂಡು ಹೋಗುವ ಅಭ್ಯಾಸ ಇದೆ. ಮತ್ತೆ ನೀರು. ಈ ನೀರಿನ ವಿಷಯ ನಮ್ಮ ಕಡೆ ಬೇರೆಯೇ ಕಥೆ. ಮೆಣಸಿನಕಾಯಿ ಬಿಡಿಸುವವರು, ಹತ್ತಿ ಬಿಡಿಸುವವರು, ಸಿಂಧನೂರು ಗಂಗಾವತಿ ಕಡೆ ನಾಟಿಗೆ ಹೋಗುವವರು, ಇಲ್ಲಿ ಜೀನ್ಸ್ ಹೊಲಿಯುವವರು, ಬೆಳಗ್ಗೆಯಿಂದ ಸಂಜೆವರೆಗೆ ನೀರು ಮುಟ್ಟುವುದಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗ ಇಲ್ಲ. ಉಚ್ಚೆ ಗಟ್ಟಿಯಾಗಿ, ಉರಿಯಾಗಿ, ಸೋಂಕು ಹತ್ತಿ, ಆಮೇಲೆ ಅರ್ಜೆಂಟ್ ಇನ್ನೂ ಜಾಸ್ತಿ. ದಿನಕ್ಕೆ ಇಷ್ಟು ಲೀಟರ್ ಕುಡಿಯಿರಿ ಅಂತ ಚೀಟಿಯಲ್ಲಿ ಬರೆದುಕೊಡುವುದು ಸುಲಭ. ಹೊಲದಲ್ಲಿ ಮರೆ ಎಲ್ಲಿದೆ ಅಂತ ಚೀಟಿಯಲ್ಲಿ ಬರೆಯಲು ಆಗುವುದಿಲ್ಲ.

ಕೆಮ್ಮಿದಾಗ ಹನಿಯುವುದಕ್ಕೆ ಮೊದಲ ಮದ್ದು ವ್ಯಾಯಾಮ. 1948ರಲ್ಲಿ ಆರ್ನಾಲ್ಡ್ ಕೆಗೆಲ್ ಅನ್ನುವ ಅಮೆರಿಕದ ಗೈನಕಾಲಜಿಸ್ಟ್ ಇದರ ಬಗ್ಗೆ ಬರೆದರು, ಅದಕ್ಕೇ ಕೆಗೆಲ್ ವ್ಯಾಯಾಮ ಅನ್ನುತ್ತಾರೆ. ಒಂದು ಸಲಕ್ಕೆ ಕಡಿಮೆ ಅಂದರೂ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಯಂತ್ರ ಬೇಡ, ದುಡ್ಡು ಬೇಡ. ತೊಂದರೆ ಏನೆಂದರೆ, ಬಿಗಿ ಹಿಡಿಯಿರಿ ಅಂದರೆ ಹತ್ತರಲ್ಲಿ ಹೆಚ್ಚಿನವರು ಹೊಟ್ಟೆ ಬಿಗಿ ಹಿಡಿಯುತ್ತಾರೆ, ಉಸಿರು ಕಟ್ಟುತ್ತಾರೆ, ಕುಂಡಿ ಬಿಗಿ ಮಾಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಸಿಸ್ಟರ್ ಹೇಳಿಕೊಡುವುದು ಹೀಗೆ: "ಮದುವಿ ಪಂಕ್ತಿಯೊಳಗ ಕುಂತೀರಿ, ಗಾಳಿ ಬಂತು, ಹೆಂಗ ತಡಿತೀರಿ? ಹಂಗ ಹಿಡೀರಿ." ನಗು ಬರುತ್ತದೆ, ನಕ್ಕ ಮೇಲೆ ಸರಿಯಾಗಿ ಮಾಡುತ್ತಾರೆ. ಯಾವ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಬರೆದದ್ದು ನಾನು ಓದಿಲ್ಲ.

ವ್ಯಾಯಾಮದಿಂದ ಆಗದಿದ್ದರೆ ಆಪರೇಷನ್. ಮೂತ್ರಕೋಶದಿಂದ ಉಚ್ಚೆ ಹೊರಗೆ ಬರುವ ಮೂತ್ರನಾಳದ ಕೆಳಗೆ ಒಂದು ಪಟ್ಟಿ ಕೊಟ್ಟು ಆಧಾರ ಮಾಡುವುದು. ತೊಂಬತ್ತರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಪ್ಲಾಸ್ಟಿಕ್ ಮೆಶ್, ಅಂದರೆ ಬಲೆಯಂಥ ಪಟ್ಟಿಯ ವಿಧಾನ ತಂದರು. ಸಣ್ಣ ಗಾಯ, ಬೇಗ ಮನೆಗೆ. ಎಲ್ಲರೂ ಅದರ ಹಿಂದೆ ಹೋದರು. ಆಮೇಲೆ ಚೀಲ ಜಾರಿದವರಿಗೂ ಯೋನಿಯ ಮೂಲಕ ದೊಡ್ಡ ದೊಡ್ಡ ಮೆಶ್ ಹಾಕಲು ಶುರು ಮಾಡಿದರು. ಕೆಲವರಿಗೆ ಅದು ಒಳಗೇ ಕೊರೆದು ಹೊರಗೆ ಬಂತು, ನೋವು ನಿಲ್ಲಲಿಲ್ಲ. 2018ರಲ್ಲಿ ಇಂಗ್ಲೆಂಡ್ ತಡೆಹಿಡಿಯಿತು. 2019ರ ಏಪ್ರಿಲ್‌ನಲ್ಲಿ ಔಷಧಿ, ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಎಫ್‌ಡಿಎ ಚೀಲ ಜಾರುವುದಕ್ಕೆ ಯೋನಿಯ ಮೂಲಕ ಹಾಕುವ ಮೆಶ್ ಮಾರಾಟ ನಿಲ್ಲಿಸಿ ಅಂತ ಕಂಪನಿಗಳಿಗೆ ಹೇಳಿತು. ಸೋರಿಕೆಗೆ ಹಾಕುವ ಸಣ್ಣ ಪಟ್ಟಿ ಅಮೆರಿಕದಲ್ಲಿ ಇನ್ನೂ ಇದೆ, ಅದು ಬೇರೆ ವಿಷಯ, ಎರಡನ್ನೂ ಒಂದೇ ಅಂತ ಹೆದರಬೇಡಿ. ನಾನು ಮಾತ್ರ ನಮ್ಮ ರೋಗಿಗಳಿಗೆ ಅವರದೇ ಕೆಳಹೊಟ್ಟೆಯ ಬಿಳಿ ಪೊರೆಯಿಂದ ಒಂದು ಪಟ್ಟಿ ಕತ್ತರಿಸಿ ಹಾಕುವುದನ್ನು ಇಷ್ಟಪಡುತ್ತೇನೆ. ಹಳೆಯ ವಿಧಾನ. ಗಾಯ ಸ್ವಲ್ಪ ದೊಡ್ಡದು. ಆದರೆ ಪಟ್ಟಿಗೆ ದುಡ್ಡಿಲ್ಲ, ಹತ್ತು ವರ್ಷದ ಮೇಲೆ ತೊಂದರೆ ಆದರೆ ಬೆಂಗಳೂರಿಗೆ ಓಡಬೇಕಾದ ಪ್ರಮೇಯ ಕಡಿಮೆ. ದೂರದಿಂದ ಬರುವವರಿಗೆ ಆಪರೇಷನ್ ಆರಿಸುವಾಗ ಅವರ ಊರಿನ ಬಸ್ಸನ್ನೂ ಲೆಕ್ಕಕ್ಕೆ ತಗೋಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ನನ್ನ ಮನಸ್ಸಿಗೆ ಹತ್ತಿರದ ಕೆಲಸ. ಫಿಸ್ಟುಲಾ. ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು. ಇಲ್ಲಿ ಹನಿಯುವುದಲ್ಲ, ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ. ತೊಡೆಯ ಚರ್ಮ ಸುಲಿದಿರುತ್ತದೆ. ವಾಸನೆ ಅಂತ ಮನೆಯವರು ಬೇರೆ ಮಲಗಿಸಿರುತ್ತಾರೆ. ಮೊದಲೆಲ್ಲ ಇದು ಹೆರಿಗೆಯಿಂದ ಆಗುತ್ತಿತ್ತು. ಮನೆಯಲ್ಲೇ ಎರಡು ಮೂರು ದಿನ ನೋವು ತಿಂದು, ಮಗುವಿನ ತಲೆ ಸಿಕ್ಕಿಕೊಂಡು, ಒತ್ತಡಕ್ಕೆ ರಕ್ತ ಹರಿಯದೆ ಮಾಂಸ ಸತ್ತು ಬಿದ್ದು ತೂತಾಗುವುದು. ಆಸ್ಪತ್ರೆ ಹೆರಿಗೆ ಜಾಸ್ತಿಯಾಗಿ, 2008ರಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ಅಂಥವರು ನನಗೆ ಕಡಿಮೆ ಕಾಣುತ್ತಾರೆ. ಈಗ ಬರುವವರಲ್ಲಿ ಹೆಚ್ಚಿನವರು ಗರ್ಭಚೀಲ ತೆಗೆಸಿಕೊಂಡವರು. ಮೂತ್ರಕೋಶ ಗರ್ಭಚೀಲಕ್ಕೆ ಅಂಟಿಕೊಂಡೇ ಇರುತ್ತದೆ, ಬಿಡಿಸುವಾಗ ಗಾಯವಾಗುತ್ತದೆ, ಅಥವಾ ಒಂದು ಹೊಲಿಗೆ ಅದರೊಳಗೆ ಹೋಗುತ್ತದೆ. ಆಪರೇಷನ್ ಆಗಿ ಒಂದೆರಡು ವಾರಕ್ಕೆ ಸೋರಲು ಶುರು.

ಎಲ್ಲಿ ತೂತಿದೆ ಅಂತ ಕಂಡುಹಿಡಿಯುವ ಒಂದು ಪರೀಕ್ಷೆ ಇದೆ. ಅದನ್ನು ಹೌಸ್ ಸರ್ಜನ್‌ಗಳಿಗೆ ತೋರಿಸುವುದೆಂದರೆ ನನಗೆ ಈಗಲೂ ಖುಷಿ. ಸಿಟಿ ಸ್ಕ್ಯಾನ್ ಆಮೇಲೆ. ಮೊದಲು ಯೋನಿಯೊಳಗೆ ಗಾಜ್ ಬಟ್ಟೆಯ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಮೂರು ತುಂಡು ಒಂದರ ಕೆಳಗೆ ಒಂದು ಇಡುವುದು. ಪೈಪಿನ ಮೂಲಕ ಮೂತ್ರಕೋಶಕ್ಕೆ ಮೆಥಿಲೀನ್ ಬ್ಲೂ ಕಲಸಿದ ನೀಲಿ ನೀರು ಬಿಡುವುದು. ಅವಳನ್ನು ಎಬ್ಬಿಸಿ ವಾರ್ಡಿನಲ್ಲಿ ಹತ್ತು ನಿಮಿಷ ಓಡಾಡಿಸುವುದು. ಆಮೇಲೆ ಒಂದೊಂದೇ ಗಾಜ್ ತೆಗೆದು ಬಿಳಿ ಟ್ರೇನಲ್ಲಿ ಸಾಲಾಗಿ ಇಟ್ಟು ನೋಡುವುದು. ನಡುವಿನದು ನೀಲಿಯಾಗಿದ್ದರೆ ಮೂತ್ರಕೋಶದಲ್ಲಿ ತೂತು. ಕೆಳಗಿನದು ಮಾತ್ರ ನೀಲಿಯಾಗಿದ್ದರೆ ಮೂತ್ರನಾಳದಿಂದ ಬಂದದ್ದು. ಎಲ್ಲಕ್ಕಿಂತ ಮೇಲಿನದು ಒದ್ದೆಯಾಗಿದೆ ಆದರೆ ನೀಲಿಯಿಲ್ಲ ಅಂದರೆ, ಆ ಉಚ್ಚೆ ಮೂತ್ರಕೋಶಕ್ಕೆ ಬಂದೇ ಇಲ್ಲ, ಕಿಡ್ನಿಯಿಂದ ಇಳಿಯುವ ಯೂರೇಟರ್ ಕೊಳವೆಯೇ ಗಾಯವಾಗಿದೆ. ಗಾಜ್ ಬಟ್ಟೆ, ನೀಲಿ, ಹತ್ತು ನಿಮಿಷ. ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದು.

ತೂತು ಸಣ್ಣದು, ಬೇಗ ಗೊತ್ತಾಯಿತು ಅಂದರೆ ಪೈಪ್ ಹಾಕಿ ಕೆಲವು ವಾರ ಬಿಟ್ಟರೆ ಒಮ್ಮೊಮ್ಮೆ ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲವೆಂದರೆ ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ಕಾಯಬೇಕು. ಊತ ಇಳಿಯಬೇಕು, ಮಾಂಸ ಮೆತ್ತಗಾಗಬೇಕು. ಈ ಮೂರು ತಿಂಗಳು ಸೋರುತ್ತಲೇ ಇರುವವಳಿಗೆ ಕಾಯಿರಿ ಅಂತ ಹೇಳುವುದು ಆಪರೇಷನ್‌ಗಿಂತ ಕಷ್ಟ. ಆಮೇಲೆ ತೂತಿನ ಸುತ್ತ ಬಿಡಿಸಿ, ಎಳೆತ ಇಲ್ಲದಂತೆ ಪದರ ಪದರವಾಗಿ ಹೊಲಿದು, ಬೇಕಾದರೆ ಯೋನಿಯ ಪಕ್ಕದ ತುಟಿಯಿಂದ ಕೊಬ್ಬಿನ ಒಂದು ಎಳೆಯನ್ನು ರಕ್ತನಾಳದ ಸಮೇತ ತಂದು ಹೊಲಿಗೆಗಳ ನಡುವೆ ಇಡುತ್ತೇವೆ. 1928ರಲ್ಲಿ ಹೈನ್ರಿಕ್ ಮಾರ್ಟಿಯಸ್ ಹೇಳಿಕೊಟ್ಟ ಉಪಾಯ. ಇಂದಿಗೂ ಅದೇ.

ನಾವು ಓಟಿಯಲ್ಲಿ (ಆಪರೇಷನ್ ಥಿಯೇಟರ್) ದಿನಾ "ಸಿಮ್ಸ್ ಕೊಡಿ" ಅಂತ ಕೈ ಚಾಚುತ್ತೇವೆ. ಯೋನಿ ಅಗಲಿಸಿ ನೋಡುವ ಆ ಸ್ಪೆಕ್ಯುಲಮ್‌ನ ಸಿಮ್ಸ್ ಯಾರು ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳದೆ ಬಿಡುವುದಿಲ್ಲ. 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಮರಿಯನ್ ಸಿಮ್ಸ್ ಈ ಆಪರೇಷನ್ ಕಲಿತದ್ದು ಗುಲಾಮ ಹೆಂಗಸರ ಮೇಲೆ. ಅರಿವಳಿಕೆ ಇಲ್ಲದೆ. ಅನಾರ್ಕಾ, ಲೂಸಿ, ಬೆಟ್ಸಿ ಅಂತ ಮೂವರ ಹೆಸರು ಉಳಿದಿದೆ. ಅನಾರ್ಕಾಗೆ ಸುಮಾರು 30 ಸಲ ಆಪರೇಷನ್ ಮಾಡಿದ. ಬೇಡ ಅನ್ನುವ ಹಕ್ಕೇ ಅವರಿಗೆ ಇರಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು. ಇನ್ನೊಂದು ಕಡೆ ಇಥಿಯೋಪಿಯಾದ ಅಡಿಸ್ ಅಬಾಬಾ. ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ದಂಪತಿ 1974ರಲ್ಲಿ ಬರೀ ಫಿಸ್ಟುಲಾಗೆ ಅಂತಲೇ ಆಸ್ಪತ್ರೆ ಕಟ್ಟಿದರು. ಅವರ ಹತ್ತಿರ ರೋಗಿಯಾಗಿ ಬಂದ ಮಮಿತು ಗಾಶೆ ಅನ್ನುವ ಹಳ್ಳಿಯ ಹೆಣ್ಣುಮಗಳು, ಓದು ಬರಹ ಇಲ್ಲದವಳು, ಅವರ ಜೊತೆಯಲ್ಲೇ ಉಳಿದು, ಕೈಗೆ ಉಪಕರಣ ಕೊಡುತ್ತಾ ಕೊಡುತ್ತಾ ಸ್ವತಃ ಫಿಸ್ಟುಲಾ ಸರ್ಜನ್ ಆದಳು. ನೀಟ್ ರ‍್ಯಾಂಕ್ ಲೆಕ್ಕ ಹಾಕುವ ಹುಡುಗರಿಗೆ ನಾನು ಈ ಕಥೆ ಬೇಕೆಂದೇ ಹೇಳುತ್ತೇನೆ.

ಆಪರೇಷನ್ ಆದ ಮೇಲೆ ಪೈಪು. ಎರಡು ಮೂರು ವಾರ. ನನ್ನ ಕೆಲಸದಲ್ಲಿ ನಿದ್ದೆ ಕೆಡಿಸುವುದು ಇದೊಂದೇ. ಎಷ್ಟೇ ಚೆನ್ನಾಗಿ ಹೊಲಿದರೂ, ರಾತ್ರಿ ಪೈಪ್ ಮಡಚಿಕೊಂಡು ಮೂತ್ರಕೋಶ ತುಂಬಿ ಉಬ್ಬಿದರೆ ಹೊಲಿಗೆ ಬಿಡುತ್ತದೆ. ಅದಕ್ಕೇ ಜೊತೆಗೆ ಬಂದವರಿಗೆ ಬಾಯಿಪಾಠ ಮಾಡಿಸುತ್ತೇವೆ: ಪೈಪಿನ ಮೇಲೆ ಮಲಗಬಾರದು, ಯೂರಿನ್ ಬ್ಯಾಗು ಮಂಚಕ್ಕಿಂತ ಕೆಳಗೇ ಇರಬೇಕು, ಒಂದು ಗಂಟೆ ಬ್ಯಾಗಿಗೆ ಏನೂ ಬರದಿದ್ದರೆ ಸಿಸ್ಟರ್ ಅವರನ್ನು ಎಬ್ಬಿಸಬೇಕು, ಬೈದರೂ ಪರವಾಗಿಲ್ಲ. ಒಳ್ಳೆಯ ಅತ್ತೆಯೋ ಅಕ್ಕನೋ ಜೊತೆಗಿದ್ದರೆ ನನಗೆ ಅರ್ಧ ಧೈರ್ಯ.

ಗಂಡಸರ ಕೆಲಸವೂ ಈ ವಿದ್ಯೆಯಲ್ಲಿದೆ, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಟ್ರ್ಯಾಕ್ಟರ್ ಮಗುಚಿ, ಅದಿರು ಲಾರಿ ಗುದ್ದಿ ಸೊಂಟದ ಮೂಳೆ ಮುರಿದವರಲ್ಲಿ ಕೆಲವರಿಗೆ ಮೂತ್ರನಾಳ ತುಂಡಾಗಿರುತ್ತದೆ. ಹೊಟ್ಟೆಯಿಂದ ಪೈಪ್ ಹಾಕಿ, ಮೂರು ತಿಂಗಳು ಬಿಟ್ಟು ಜೋಡಿಸಬೇಕು. ಇನ್ನು ಕೆಲವರಿಗೆ ನಾಳ ಉದ್ದಕ್ಕೂ ಕಿರಿದಾಗಿರುತ್ತದೆ. ಅವರಿಗೆ ಕೆನ್ನೆಯ ಒಳಚರ್ಮ ತೆಗೆದು ಅಲ್ಲಿ ಹೊಲಿಯುತ್ತೇವೆ. ಬಾಯಿಯ ಚರ್ಮ ಸದಾ ಒದ್ದೆಯಲ್ಲಿ ಇದ್ದು ರೂಢಿ, ಅದಕ್ಕೇ ಚೆನ್ನಾಗಿ ಕೂರುತ್ತದೆ. ಈ ವಿದ್ಯೆಯಲ್ಲಿ ನಮ್ಮ ದೇಶದವರ ಹೆಸರು ದೊಡ್ಡದು. ಆಗ್ರಾದ ಆಸೋಪಾ, ಪುಣೆಯ ಕುಲಕರ್ಣಿ ಇವರ ವಿಧಾನಗಳನ್ನು ಪ್ರಪಂಚದ ಎಲ್ಲ ಕಡೆ ಮಾಡುತ್ತಾರೆ. ಇಲ್ಲಿ ನಮ್ಮ ಗೋಳು ಬೇರೆ. "ಬಾಯಿ ತೆಗಿ ತಮ್ಮಾ" ಅಂದರೆ ಎರಡು ಬೆರಳು ಹೋಗುವಷ್ಟೂ ತೆಗೆಯಲು ಆಗುವುದಿಲ್ಲ. ಗುಟ್ಕಾ. ಕೆನ್ನೆ ಒಳಗೆ ಬೆಳ್ಳಗೆ, ಗಟ್ಟಿಯಾಗಿ, ನಾರುನಾರಾಗಿ ಹೋಗಿರುತ್ತದೆ. ಅಂಥ ಚರ್ಮ ಯಾವ ಕೆಲಸಕ್ಕೂ ಬರುವುದಿಲ್ಲ. ನಾಲಿಗೆಯ ಕೆಳಗಿನದನ್ನು ತೆಗೆಯಬಹುದು, ಅದಕ್ಕೂ ಬಾಯಿ ತೆರೆಯಬೇಕಲ್ಲ! ಗುಟ್ಕಾ ತಿಂದರೆ ಉಚ್ಚೆ ಆಪರೇಷನ್‌ಗೆ ತೊಂದರೆ ಅಂತ ಹೇಳಿದರೆ ಯಾರೂ ನಂಬುವುದಿಲ್ಲ, ಸಾರ್ ಏನೋ ಹೆದರಿಸುತ್ತಿದ್ದಾರೆ ಅಂತ ನಗುತ್ತಾರೆ.

ಇನ್ನು ಸಿಟ್ಟಿನ ಮಾತು ಒಂದಿದೆ. ಮೂವತ್ತೈದು ದಾಟದ ಹೆಣ್ಣುಮಕ್ಕಳ ಗರ್ಭಚೀಲ ಯಾಕೆ ತೆಗೆದರು ಅಂತ ಕೇಳಿದರೆ "ಬಿಳಿ ಹೋಗ್ತಿತ್ರೀ, ಬಿಟ್ರ ಕ್ಯಾನ್ಸರ್ ಆಗ್ತೈತಿ ಅಂದ್ರು" ಅನ್ನುವ ಉತ್ತರ ನಾನು ಎಷ್ಟೋ ಸಲ ಕೇಳಿದ್ದೇನೆ. ಬಿಳಿ ಹೋಗುವುದಕ್ಕೆ ಮಾತ್ರೆ ಸಾಕು, ಹೆಚ್ಚಿನವರಿಗೆ. ಬೇಡದ ಹಿಸ್ಟೆರೆಕ್ಟಮಿ ದೇಶದಲ್ಲಿ ಎಷ್ಟಾಗುತ್ತಿದೆ ಎಂದರೆ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2023ರ ಏಪ್ರಿಲ್‌ನಲ್ಲಿ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕು ಅಂತ ಕೋರ್ಟ್ ಹೇಳಬೇಕಾಯಿತು. ಆಪರೇಷನ್‌ನಲ್ಲಿ ಮೂತ್ರಕೋಶಕ್ಕೆ ಗಾಯವಾಗುವುದು ಯಾವ ಒಳ್ಳೆಯ ಸರ್ಜನ್ ಕೈಯಲ್ಲೂ ಆಗಬಹುದು, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಬೇಕಿಲ್ಲದ ಆಪರೇಷನ್‌ನಲ್ಲಿ ಆದ ಗಾಯಕ್ಕೆ ಮಾತ್ರ ನನಗೆ ಸಮಾಧಾನ ಮಾಡಿಕೊಳ್ಳಲು ಆಗುವುದಿಲ್ಲ.

ಕರಿಯರ್ ಇದೆಯಾ ಅಂತ ಕೇಳಿದಿರಲ್ಲ. ದುಡ್ಡು ಕಲ್ಲಿನಲ್ಲಿ ಜಾಸ್ತಿ, ನಾನೂ ಕಲ್ಲು ತೆಗೆದೇ ಮನೆ ನಡೆಸುವುದು. ಆದರೆ ಬೀದರ್‌ನಿಂದ ಬಳ್ಳಾರಿವರೆಗೆ ಈ ಕೆಲಸಕ್ಕೆ ಕೈ ಸಾಲದು, ಕಲಿತವರಿಗೆ ಕೆಲಸ ಇಲ್ಲ ಅನ್ನುವ ಮಾತೇ ಬರುವುದಿಲ್ಲ. ಗೈನಕ್ ಮಾಡಿದ ಹುಡುಗಿಯರು ಬಂದರೆ ಇನ್ನೂ ಒಳ್ಳೆಯದು, ನನ್ನ ಹತ್ತಿರ ಬಾಯಿಬಿಡಲು ಸಿಸ್ಟರ್ ಬೇಕಾದವರು ನಿಮ್ಮ ಹತ್ತಿರ ನೇರ ಮಾತಾಡುತ್ತಾರೆ. ಯೂರಾಲಜಿಯ ಹುಡುಗರು ಮೊದಲು ಗೈನಕ್ ಓಟಿಯಲ್ಲಿ ಹೋಗಿ ನಿಲ್ಲಿ, ಗೈನಕ್‌ನವರು ಬಂದು ನಮ್ಮಲ್ಲಿ ಮೂತ್ರಕೋಶದೊಳಗೆ ನೋಡುವ ಸಿಸ್ಟೋಸ್ಕೋಪ್ ಹಿಡಿಯಿರಿ.

ಓದುವವರ ಮನೆಯಲ್ಲಿ ಯಾರಿಗಾದರೂ ಹೆರಿಗೆ ಅಥವಾ ಚೀಲದ ಆಪರೇಷನ್ ಆದ ಮೇಲೆ ಸೋರುತ್ತಿದ್ದರೆ, ಗಡಿಬಿಡಿಯಲ್ಲಿ ಎಲ್ಲೋ ಎರಡನೇ ಆಪರೇಷನ್ ಮಾಡಿಸಬೇಡಿ. ಮೊದಲ ಸಲದ ರಿಪೇರಿಯಲ್ಲೇ ವಾಸಿಯಾಗುವ ಸಾಧ್ಯತೆ ಜಾಸ್ತಿ, ಪ್ರತಿ ಸಲ ಬಿಚ್ಚಿದಾಗಲೂ ಮಾಂಸ ಗಟ್ಟಿಯಾಗುತ್ತಾ ಹೋಗುತ್ತದೆ. ಹತ್ತಿರದ ಮೆಡಿಕಲ್ ಕಾಲೇಜು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಇದೆ, ಅಲ್ಲಿಂದ ಶುರು ಮಾಡಿ. ಹಳೆಯ ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಎಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಸಮ್ಮರಿ ಕೊಟ್ಟಿಲ್ಲ ಅಂದರೆ ಆಪರೇಷನ್ ಮಾಡಿದ ಕಡೆ ಹೋಗಿ ಕೇಳಿ ಇಸ್ಕೊಳ್ಳಿ. ಕೊಡುವುದು ಅವರ ಕರ್ತವ್ಯ.